ಕಪ್ಪಾದ ಬೆಳ್ಳಿ, ಹೊಳೆಯುವ ನಿಕ್ಕಲ್: ಯಾವ ಕನೆಕ್ಟರ್ ಕೊಳ್ಳಬೇಕು?

ಪ್ರಶ್ನೆ: ನಾನು ಹವ್ಯಾಸಿ ರೇಡಿಯೊ ಪರವಾನಗಿ ಪಡೆದು 7 ಮತ್ತು 145 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಸಂಪರ್ಕ ನಡೆಸುತ್ತಿದ್ದೇನೆ. ಮನೆ ಕಡಲಿಗೆ ಹತ್ತಿರದಲ್ಲಿದೆ. ಆಂಟೆನಾ ಕೇಬಲ್‌ಗೆ ಹಾಕಿದ್ದ ಬೆಳ್ಳಿ ಲೇಪನದ ಪಿಎಲ್-259 ಕನೆಕ್ಟರ್ ಒಂದೇ ಮಳೆಗಾಲದಲ್ಲಿ ಕಪ್ಪಾಗಿದೆ. ಅಗ್ಗದ ನಿಕ್ಕಲ್ ಕನೆಕ್ಟರ್ ಮಾತ್ರ ಇನ್ನೂ ಹೊಳೆಯುತ್ತಿದೆ. ಮುಂದೆ ಯಾವುದನ್ನು ಕೊಳ್ಳಲಿ? ಚಿನ್ನದ ಲೇಪನ ಇನ್ನೂ ಉತ್ತಮವೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್‌ನ ತೆಳುಪದರ ಕಟ್ಟಿದೆ, ಅಷ್ಟೆ. ಕನೆಕ್ಟರನ್ನು ಬಿಗಿಯುವಾಗ ತಿರುಪಿನ ಒತ್ತಡಕ್ಕೆ ಆ ಪದರ ಸವೆದುಹೋಗುವುದರಿಂದ ನಿಮ್ಮ ಬ್ಯಾಂಡ್‌ಗಳಲ್ಲಿ ಅದರಿಂದ ಗಮನಾರ್ಹ ನಷ್ಟವಾಗುವುದಿಲ್ಲ. ಹಸಿರು ಕಿಲುಬು ಕಂಡರೆ ಮಾತ್ರ ಚಿಂತಿಸಬೇಕು. ಒಳಗೆ ನೀರು ಇಳಿದಿದೆ ಎಂದೇ ಅದರ ಅರ್ಥ.

ಬೆಳ್ಳಿಯನ್ನು ಆರಿಸಬೇಕಾದದ್ದು ವಾಹಕತೆಗಿಂತ ಹೆಚ್ಚಾಗಿ ಬೆಸುಗೆಯ ಸಲುವಾಗಿ. 7 ಮೆಗಾಹರ್ಟ್ಸ್‌ನಲ್ಲಿ ವಿದ್ಯುತ್ತು ತಾಮ್ರದೊಳಗೆ ಸುಮಾರು 25 ಮೈಕ್ರಾನ್ ಆಳದವರೆಗೆ ಹರಿಯುತ್ತದೆ. ಲೇಪನ ಅದಕ್ಕಿಂತ ಬಹಳ ತೆಳುವಾದ್ದರಿಂದ ಹೆಚ್ಚಿನ ವಿದ್ಯುತ್ತು ಅದರಡಿಯ ಲೋಹದಲ್ಲೇ ಹರಿಯುತ್ತದೆ. ಆದರೆ ಕೇಬಲ್‌ನ ಜಾಲರಿಯನ್ನು ಕನೆಕ್ಟರಿನ ಪಕ್ಕದ ರಂಧ್ರಗಳ ಮೂಲಕ ಬೆಸೆಯುವಾಗ ಬೆಳ್ಳಿಯ ಮೇಲೆ ಸೀಸ ತಕ್ಷಣ ಹರಡುತ್ತದೆ, ನಿಕ್ಕಲ್ ಮೇಲೆ ಮುತ್ತುಗಟ್ಟಿ ಉರುಳುತ್ತದೆ. ಅದು ಹಿಡಿಯಲೆಂದು ಬಹಳ ಹೊತ್ತು ಕಾಯಿಸಿದರೆ ಆರ್‌ಜಿ-213ರಂತಹ ಕೇಬಲ್‌ನಲ್ಲಿ ತಂತಿಗೂ ಜಾಲರಿಗೂ ನಡುವೆ ಇರುವ ಪಾಲಿಥಿಲೀನ್ ಕರಗಿ, ನಡುವಿನ ತಂತಿ ಓರೆಯಾಗಿ, ಕೊನೆಗೆ ಜಾಲರಿಗೇ ತಾಗಬಹುದು. ನಿಕ್ಕಲ್ ಕನೆಕ್ಟರನ್ನೇ ಬಳಸುವುದಾದರೆ ರಂಧ್ರಗಳ ಸುತ್ತ ಅರದಿಂದ ಉಜ್ಜಿ, ಹಿತ್ತಾಳೆಯ ಹಳದಿ ಕಂಡ ಮೇಲೆ ಬೆಸೆಯಿರಿ. ಉಜ್ಜಿದಾಗ ಬೂದು ಬಣ್ಣ ಕಂಡರೆ ಅದು ಬಹುಮಟ್ಟಿಗೆ ಸತುವಿನ ಎರಕ. ಅಂಥದ್ದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಲೇಪನಕ್ಕಿಂತ ಮೊದಲು ನಡುವಿನ ನಿರೋಧಕವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಬಿಳಿಯ ಟೆಫ್ಲಾನ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಸತತವಾಗಿ ತಾಳುತ್ತದೆ, ನೀರನ್ನು ಹೀರುವುದಿಲ್ಲ. ಆದರೆ ಬಿಳಿಯಾಗಿದ್ದುದೆಲ್ಲ ಟೆಫ್ಲಾನ್ ಅಲ್ಲ; ಅಗ್ಗದ ಪ್ಲಾಸ್ಟಿಕ್ ಆಗಿದ್ದರೆ ಬೆಸುಗೆಯ ಶಾಖಕ್ಕೇ ಮೆತ್ತಗಾಗಿ ನಡುವಿನ ಪಿನ್ ವಾಲುತ್ತದೆ. ಕಂದು ಬಣ್ಣದ ಬೇಕಲೈಟ್ ಶಾಖಕ್ಕೆ ಕರಗದಿದ್ದರೂ ತೇವ ಹೀರುವುದರಿಂದ ಕಡಲತೀರಕ್ಕೆ ತಕ್ಕದ್ದಲ್ಲ. ವೋಲ್ಟೇಜಿನ ಭಯ ಬೇಡ: 400 ವಾಟ್ ಕಳುಹಿಸಿದರೂ, 50 ಓಮ್‌ನ ಸರಿಹೊಂದಿದ ಮಾರ್ಗದಲ್ಲಿ ಗರಿಷ್ಠ 200 ವೋಲ್ಟ್ ಮಾತ್ರ ಇರುತ್ತದೆ.

ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ಪಿಎಲ್-259ರ ಇಡೀ ಮೈಗೆ ಅದನ್ನು ಹಚ್ಚಿದ್ದರೆ ಅದು ಅಲಂಕಾರವೇ ಸರಿ. ಆ ಹಣವನ್ನು ಪಿಎಲ್-259 ಕೂರುವ ಒಳ್ಳೆಯ ಎಸ್‌ಒ-239 ಸಾಕೆಟ್‌ಗೆ ಹಾಕಿ. ಪಿನ್ನನ್ನು ಹಿಡಿಯುವ ಅದರ ಎಸಳುಗಳು ಬೆರಿಲಿಯಮ್ ತಾಮ್ರದ್ದೋ ಫಾಸ್ಫರ್ ಕಂಚಿನದ್ದೋ ಆಗಿದ್ದರೆ ಪದೇ ಪದೇ ಬಿಚ್ಚಿ ಹಾಕಿದರೂ ಬಿಗಿ ಉಳಿಯುತ್ತದೆ. ಬರಿಯ ಹಿತ್ತಾಳೆಯದ್ದಾದರೆ ಬೇಗ ಸಡಿಲವಾಗುತ್ತದೆ.

ಯಾವ ಲೋಹವನ್ನು ಆರಿಸಿದರೂ ಪಿಎಲ್-259ರ ವಿನ್ಯಾಸದಲ್ಲೇ ನೀರು ತಡೆಯುವ ವ್ಯವಸ್ಥೆಯಿಲ್ಲ. ಹೊರಗಿನ ಜೋಡಣೆಗೆ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಬಿಸಿಲು ತಾಗದಂತೆ ಅದರ ಮೇಲೆ ಪಿವಿಸಿ ಟೇಪ್ ಹಾಕಿ. ಮುಂದೆ 430 ಮೆಗಾಹರ್ಟ್ಸ್‌ಗೆ ಹೋಗುವ ಯೋಚನೆಯಿದ್ದರೆ, ರಬ್ಬರ್ ವಾಷರ್ ಇರುವ ಎನ್ ಮಾದರಿಯ ಕನೆಕ್ಟರನ್ನೇ ಈಗಿನಿಂದ ಬಳಸುವುದು ಲೇಸು.