ಬಾತುಕೋವಿಯ ಮೇಲಿನ ಹೆಸರು ಯಾರದು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ ಇಂಗ್ಲೆಂಡಿನ ಹಳೆಯ ಬಾತುಕೋವಿಗಳ (ಬಾತುಬೇಟೆಗೆಂದೇ ಮಾಡಿದ ಕೋವಿಗಳ) ಲೇಖನದಲ್ಲಿ ನೀವು ಎರಡು ಅಚ್ಚಿನ ತಪ್ಪುಗಳನ್ನು ಗುರುತಿಸಿದ್ದೀರಿ: 4 ಬೋರಿನ ಕೋವಿಯನ್ನು 12 ಬೋರಿಗಿಂತ ದೊಡ್ಡದೆಂದು ಬರೆದಿರುವುದು ಮತ್ತು ಲಂಡನ್ ಅಂಗಡಿಯ ಹೆಸರಿರುವ ಕೋವಿಯನ್ನು ಬರ್ಮಿಂಗ್‌ಹ್ಯಾಮಿನದೆಂದು ಕರೆದಿರುವುದು. ಎರಡೂ ಸರಿಯಾಗಿಯೇ ಅಚ್ಚಾಗಿವೆ.

ಮೊದಲನೆಯದು ಸುಲಭದ ಲೆಕ್ಕ. ನಳಿಗೆಯೊಳಗೆ ಸರಿಯಾಗಿ ಕೂರುವ ಗಾತ್ರದ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ಆಗುತ್ತವೆಯೋ ಅದೇ ಬೋರಿನ ಸಂಖ್ಯೆ. ಹನ್ನೆರಡು ಗುಂಡುಗಳಾದರೆ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.; ನಾಲ್ಕೇ ಆದರೆ ಸುಮಾರು 26.7 ಮಿ.ಮೀ. ಕಪ್ಪು ಮದ್ದಿನ (ಹಳೆಯ ಬಗೆಯ ಕೋವಿಮದ್ದಿನ) ಕಾಲದಲ್ಲಿ, ಅಳಿವೆಯ ಜೌಗಿನ ಮೇಲೆ ಎತ್ತರದಲ್ಲಿ ಹಾರುವ ಬಾತುಗಳಿಗೆ ದಪ್ಪ ಚರೆಯನ್ನು ಸಾಕಷ್ಟು ಸಂಖ್ಯೆಯಲ್ಲಿ ಮುಟ್ಟಿಸಬೇಕಾದರೆ ಅಗಲವಾದ ನಳಿಗೆ ಬೇಕೇ ಬೇಕಿತ್ತು. ಭುಜಕ್ಕೆ ಆನಿಸಿ ಹೊಡೆಯುವ ಕೋವಿಗಳ ಮಿತಿ ಬಹುಮಟ್ಟಿಗೆ 4 ಬೋರಿಗೇ ಮುಗಿಯಿತು. ಅದಕ್ಕಿಂತ ದೊಡ್ಡವನ್ನು ತಗ್ಗಾದ ದೋಣಿಗೇ ಅಳವಡಿಸಿ, ಒದೆತವು ದೋಣಿಯ ಮೂತಿಗೆ ಹೋಗುವಂತೆ ದಪ್ಪ ಹಗ್ಗದಿಂದ ಬಿಗಿಯುತ್ತಿದ್ದರು. ಬೇಟೆಗಾರ ಬೋರಲು ಮಲಗಿ, ಸದ್ದಾಗದಂತೆ ಹುಟ್ಟುಹಾಕುತ್ತ ಹಿಂಡಿನತ್ತ ಸಾಗುತ್ತಿದ್ದ. ಹ್ಯಾಂಪ್‌ಷೈರಿನ ಕೀಹೇವನ್ನಿನಲ್ಲಿ ಬೇಟೆಯಾಡುತ್ತಿದ್ದ ಕರ್ನಲ್ ಪೀಟರ್ ಹಾಕರ್‌ (1786–1853) ಅವರ ಜೋಡಿನಳಿಗೆಯ ದೋಣಿಕೋವಿಯಲ್ಲಿ ಒಂದು ನಳಿಗೆಗೆ ಚಕಮಕಿ ಕಲ್ಲು, ಇನ್ನೊಂದಕ್ಕೆ ಆಗ ಹೊಸದಾಗಿದ್ದ, ಬಡಿದರೆ ಸಿಡಿದು ಮದ್ದು ಹೊತ್ತಿಸುವ ಕೇಪು! ಚಕಮಕಿಯದು ಒಂದು ಕ್ಷಣ ತಡವಾಗಿ ಸಿಡಿಯುತ್ತದೆ, ಹಾಗಾಗಿ ಎರಡು ಹೊಡೆತಗಳು ಒಂದರ ಹಿಂದೊಂದು ಬೀಳುತ್ತವೆ ಎಂಬುದನ್ನು ನೆನೆದರೆ ಈ ವಿಚಿತ್ರ ಜೋಡಣೆಯ ಹಿಂದಿನ ಜಾಣತನ ತಿಳಿಯುತ್ತದೆ.

ಎರಡನೆಯ ಆಕ್ಷೇಪವೇ ಹೆಚ್ಚು ಮುಖ್ಯವಾದುದು. ಕೋವಿ ತಯಾರಕರಾದ ಥಾಮಸ್ ಬ್ಲಾಂಡ್ ಸಂಸ್ಥೆ ಲಂಡನ್ನಿನಲ್ಲಿ ಹೆಸರು ಮಾಡಿದ್ದರೂ ಅದರ ಬೇರು ಬರ್ಮಿಂಗ್‌ಹ್ಯಾಮಿನದು. ದೊಡ್ಡ ಬೋರುಗಳಿಗೆ ಪ್ರಸಿದ್ಧರಾದ ಟೋಲಿ, ಗ್ರೀನರ್ ಸಂಸ್ಥೆಗಳೂ ಅಲ್ಲಿನವೇ. ಆ ಊರಿನ ಕೋವಿಗೇರಿಯಲ್ಲಿ ಒಂದು ಕೋವಿ ಹತ್ತಾರು ಕೈಗಳನ್ನು ದಾಟಿ ಸಿದ್ಧವಾಗುತ್ತಿತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಬೆಸೆದು, ಹುರಿಗೊಳಿಸಿ, ಸಲಾಕೆಯ ಸುತ್ತ ಸುತ್ತಿ, ಕಾಸಿ ಬಡಿದು ನಳಿಗೆ ಮಾಡುವವನು ಒಬ್ಬ. ಚಾಪಿನ (ಮದ್ದಿಗೆ ಕಿಡಿ ಮುಟ್ಟಿಸುವ ಯಂತ್ರದ) ಭಾಗಗಳನ್ನು ಅರದಿಂದ ಉಜ್ಜುವವನು ಇನ್ನೊಬ್ಬ. ವಾಲ್ನಟ್ ಮರದ ಹಿಡಿ ಕೆತ್ತುವವನು ಮತ್ತೊಬ್ಬ. ನಳಿಗೆಯ ಮೇಲೆ ಇಂದಿಗೂ ಕಾಣುವ ಸುರುಳಿ ಚಿತ್ತಾರ ಆ ಬಡಿತದ್ದೇ ಹೊರತು ಮೇಲಿಂದ ಬರೆದದ್ದಲ್ಲ. ಇವರಲ್ಲಿ ಹೆಚ್ಚಿನವರ ಹೆಸರು ಕೋವಿಯ ಮೇಲೆ ಎದ್ದು ಕಾಣುವುದಿಲ್ಲ. ಮಾರುವ ಅಂಗಡಿಯ ಹೆಸರು ಮಾತ್ರ ಚಂದವಾಗಿ ಕೆತ್ತಿರುತ್ತದೆ. ಸಂಗ್ರಾಹಕರು ಹೆಸರಿಗೆ ಹಣ ಕೊಡುತ್ತಾರೆ. ನನ್ನ ಮಟ್ಟಿಗೆ ನಳಿಗೆಯೇ ನಿಜವಾದ ಸಹಿ.

ನಿಮ್ಮ ಪರಿಚಿತರ ಮನೆಯಲ್ಲಿರುವ ಹಳೆಯ 8 ಬೋರಿನ ಮೂಲ ತಿಳಿಯಬೇಕೆಂದು ಬರೆದಿದ್ದೀರಿ. ನಳಿಗೆಯ ಬಲವನ್ನು ಪರೀಕ್ಷಿಸಿದ ಮೇಲೆ ಅದರ ಅಡಿಭಾಗದಲ್ಲಿ ಒತ್ತುತ್ತಿದ್ದ ಪರೀಕ್ಷಾ ಮುದ್ರೆಯನ್ನು ನೋಡಲು ಹೇಳಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಸ್ಥಾಪನೆಯಾಯಿತು, ಅದರ ಮುದ್ರೆ ಲಂಡನ್ನಿನದಕ್ಕಿಂತ ಬೇರೆ. ಆದರೆ ಕಪ್ಪು ಮದ್ದಿಗೆಂದು ಪರೀಕ್ಷಿಸಿದ ಹುರಿನಳಿಗೆಯಲ್ಲಿ ಇಂದಿನ ತೋಟಾ ಹಾಕಿ ಹೊಡೆಯುವ ಸಾಹಸ ಮಾತ್ರ ಬೇಡ. ನಳಿಗೆ ಸಿಡಿದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ.

— ಸಂಪಾದಕ