ಎಂಜಿ ಕಾರು ಚೀನಾ ಸರ್ಕಾರದ್ದಾ? ಸೈಕ್ ಕಂಪನಿಯ ನಿಜವಾದ ಮಾಲೀಕರು ಯಾರು?

ಸರ್ಕಾರದ್ದೇ, ಆದರೆ ಬೀಜಿಂಗ್‌ನ ಕೇಂದ್ರ ಸರ್ಕಾರದ್ದಲ್ಲ. ಎಂಜಿ ಬ್ರ್ಯಾಂಡ್ ಚೀನಾದ ಕಾರು ಕಂಪನಿ ಸೈಕ್‌ನದ್ದು (SAIC), ಸೈಕ್‌ನ ಒಡೆತನ ಶಾಂಘೈ ನಗರಾಡಳಿತದ್ದು. ಷೇರುಗಳು ಶಾಂಘೈ ಷೇರುಪೇಟೆಯಲ್ಲಿ ವಹಿವಾಟಾಗುತ್ತವೆ, ಬಹುಪಾಲು ಮಾತ್ರ ನಗರಾಡಳಿತದ ಕೈಯಲ್ಲೇ ಇದೆ.

ಶಾಂಘೈನಲ್ಲಿ 1958ರಲ್ಲೇ 'ಫೀನಿಕ್ಸ್' ಎಂಬ ಕಾರು ತಯಾರಾಗಿತ್ತು. ಸೈಕ್‌ನ ಅದೃಷ್ಟ ಖುಲಾಯಿಸಿದ್ದು ಮಾತ್ರ 1984ರಲ್ಲಿ ಫೋಕ್ಸ್‌ವ್ಯಾಗನ್ ಜೊತೆ ಒಪ್ಪಂದವಾದ ಮೇಲೆ. ಸಂತಾನಾ ಕಾರು ಬಂತು, ಚೀನಾದ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ದಶಕಗಟ್ಟಲೆ ಓಡಿತು. 1997ರಲ್ಲಿ ಜನರಲ್ ಮೋಟರ್ಸ್ ಕೈಜೋಡಿಸಿತು. ವಿದೇಶಿ ಕಂಪನಿಗೆ ಅರ್ಧಕ್ಕಿಂತ ಹೆಚ್ಚು ಪಾಲು ಕೊಡಬಾರದೆಂಬ ನಿಯಮ ಆಗ ಇತ್ತು. ಹಾಗಾಗಿ ತಂತ್ರಜ್ಞಾನ ಅವರದು, ಲಾಭ ಸಮಪಾಲು. ಲಿಯುಝೌ ನಗರದ ವುಲಿಂಗ್ ಕಂಪನಿ ಜೊತೆಗಿನ ಮೂರನೇ ಕೂಟವಂತೂ ಅಗ್ಗದ ಮಿನಿವ್ಯಾನ್‌ಗಳಿಂದಲೇ ದೊಡ್ಡದಾಯಿತು.

ನನಗೆ ಸ್ವಾರಸ್ಯವೆನಿಸುವುದು ಬ್ರಿಟನ್ನಿನ ಕಥೆ. 2005ರಲ್ಲಿ ಅಲ್ಲಿನ ಕಾರು ಕಂಪನಿ ಎಂಜಿ ರೋವರ್ ದಿವಾಳಿಯಾದಾಗ ಅದರ ಆಸ್ತಿಯನ್ನು ಕೊಂಡದ್ದು ಸೈಕ್ ಅಲ್ಲ, ಚೀನಾದ್ದೇ ಇನ್ನೊಂದು ಕಂಪನಿ ನಾನ್‌ಜಿಂಗ್ ಆಟೊಮೊಬೈಲ್. ಸೈಕ್ ಅದಕ್ಕೂ ಮೊದಲೇ ಕೆಲವು ರೋವರ್ ಕಾರುಗಳ ವಿನ್ಯಾಸದ ಹಕ್ಕು ಪಡೆದಿತ್ತು. ಆದರೆ 'ರೋವರ್' ಹೆಸರು ಫೋರ್ಡ್ ಪಾಲಾದ್ದರಿಂದ 'ರೋವೆ' ಎಂಬ ಹೊಸ ಬ್ರ್ಯಾಂಡ್ ಹುಟ್ಟಿಸಬೇಕಾಯಿತು! 2007ರ ಕೊನೆಯಲ್ಲಿ ನಾನ್‌ಜಿಂಗನ್ನೇ ನುಂಗಿದಾಗ ಎಂಜಿ ಅದರ ಜೊತೆಗೇ ಬಂತು.

ಭಾರತದ ಲೆಕ್ಕ ಬೇರೆ. ಗುಜರಾತಿನ ಹಾಲೋಲ್ ಕಾರ್ಖಾನೆಯನ್ನು ಜನರಲ್ ಮೋಟರ್ಸ್‌ನಿಂದ ಕೊಂಡು ಸೈಕ್ ಇಲ್ಲಿಗೆ ಕಾಲಿಟ್ಟಿತು. ಈಗ ಇಲ್ಲಿನ ಎಂಜಿಯಲ್ಲಿ, ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯೂ ಸಮೂಹವೂ 35% ಪಾಲಿನೊಂದಿಗೆ ಸೇರಿಕೊಂಡಿದೆ.