ಮೊದ್ಲು ಡ್ರೈವರ್, ಆಮೇಲೆ ಡಬ್ಬ: ಹಾರ್ನ್ ಸ್ಪೀಕರ್ ಕಟ್ಟೋರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದ್ದು, ಒಂದೇ ಒಂದು ಫುಲ್ ರೇಂಜ್ ಡ್ರೈವರ್ (ಬಾಸ್‌ನಿಂದ ಮೇಲಿನ ಸ್ವರದವರೆಗೂ ಒಂದೇ ಕೋನ್ ನುಡಿಸೋ ಸ್ಪೀಕರ್) ಹಾಕಿ ಮನೇಲೇ ಹಾರ್ನ್ ಕ್ಯಾಬಿನೆಟ್, ಅಂದ್ರೆ ಒಳಗೆ ಕಹಳೆ ಥರ ಅಗಲ ಆಗ್ತಾ ಹೋಗೋ ದಾರಿ ಇರೋ ಡಬ್ಬ, ಕಟ್ಟೋದು ಹೇಗೆ ಅಂತ. ನಂಗೂ ತುಂಬ ಇಷ್ಟದ ವಿಷಯ, ಹಾಗಾಗಿ ಇಡೀ ಅಂಕಣ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: 4 ಇಂಚಿನ ಫಾಸ್ಟೆಕ್ಸ್ ಕಂಪನಿ ಡ್ರೈವರ್‌ಗೆ ಅಂತ ಮಾಡಿದ ಒಂದು ಬ್ಯಾಕ್ ಲೋಡೆಡ್ ಹಾರ್ನ್ ಪ್ಲಾನ್ ಸಿಕ್ಕಿದೆ. ನನ್ನ ಹತ್ರ ಇರೋದು ಹಳೇ 6 ಇಂಚಿನ ಕಾರ್ ಸ್ಪೀಕರ್. ತೂತು ಸ್ವಲ್ಪ ದೊಡ್ಡದು ಕೊರೆದು ಅದನ್ನೇ ಕೂರಿಸಬಹುದಾ ಸರ್?

ಉತ್ತರ: ದಯವಿಟ್ಟು ಬೇಡ. ಹಾರ್ನ್‌ನ ಒಂದೊಂದು ಅಳತೆನೂ ಆ ಡ್ರೈವರ್‌ನ ಲೆಕ್ಕದ ಮೇಲೇ ಹುಟ್ಟಿರತ್ತೆ. ಬ್ಯಾಕ್ ಲೋಡೆಡ್‌ನಲ್ಲಿ ಕೋನ್‌ನ ಮುಂದಿನ ಸೌಂಡ್ ನೇರವಾಗಿ ಕಿವಿಗೆ ಬರತ್ತೆ, ಹಿಂದಿನದು ಒಂದು ಸಣ್ಣ ಚೇಂಬರ್ ದಾಟಿ ಗಂಟಲಲ್ಲಿ ನುಗ್ಗಿ ಅಲ್ಲಿಂದ ಅಗಲ ಆಗ್ತಾ ಆಗ್ತಾ ಬಾಯಿಂದ ಆಚೆ ಬರತ್ತೆ, ಆ ಕಿರಿದಾದ ಗಂಟಲೊಳಗೆ ಗಾಳಿನ ಹಿಡಿತದಲ್ಲಿ ಇಟ್ಕೊಂಡು ತಳ್ಳೋಕೆ ಹಗುರವಾದ ಕೋನ್ ಮತ್ತೆ ಬಲವಾದ ಮ್ಯಾಗ್ನೆಟ್ ಎರಡೂ ಬೇಕು. ಡೇಟಾಶೀಟ್‌ನಲ್ಲಿ ಕ್ಯೂಟಿಎಸ್ ಅಂತ ಒಂದು ನಂಬರ್ ಇರತ್ತಲ್ಲ (ಕೋನ್‌ನ ಅಲುಗಾಟಕ್ಕೆ ಡ್ರೈವರ್ ಎಷ್ಟು ಕಡಿವಾಣ ಹಾಕತ್ತೆ ಅಂತ ಹೇಳೋದು, ನಂಬರ್ ಕಮ್ಮಿ ಇದ್ದಷ್ಟೂ ಕಡಿವಾಣ ಜಾಸ್ತಿ), ಅದು ಸುಮಾರು 0.2ರಿಂದ 0.4ರ ಒಳಗಿದ್ರೆ ಹಾರ್ನ್‌ಗೆ ಒಗ್ಗತ್ತೆ. ಕಾರ್ ಡೋರ್‌ಗೆ ಮಾಡಿದ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಇದು 0.5ರ ಮೇಲೇ ಇರತ್ತೆ, ಅಂಥದ್ದನ್ನ ಹಾರ್ನಲ್ಲಿ ಹಾಕಿದ್ರೆ ಬಾಸ್ ಉಬ್ಬಿಕೊಂಡು ಯಾವ ಹಾಡು ಹಾಕಿದ್ರೂ ಒಂದೇ ಸ್ವರದಲ್ಲಿ ಗುಂಯ್ ಅಂತಿರತ್ತೆ. ಆ ಸ್ಪೀಕರ್ ಬಿಸಾಕೋದೇನೂ ಬೇಡ, ಅಗಲವಾದ ಒಂದು ಹಲಗೆಗೆ ಓಪನ್ ಬ್ಯಾಫಲ್ ಆಗಿ, ಅಂದ್ರೆ ಹಿಂದೆ ಡಬ್ಬನೇ ಇಲ್ಲದ ಹಾಗೆ, ಹಾಕಿ ನೋಡಿ, ಅಲ್ಲಿ ಆ ನಂಬರ್ ನಿಮ್ಮ ಪರವಾಗೇ ಕೆಲಸ ಮಾಡತ್ತೆ.

ಪ್ರಶ್ನೆ: ನಂಗೆ 50 ಹರ್ಟ್ಸ್‌ವರೆಗೂ ಬಾಸ್ ಬೇಕು, ಆದ್ರೆ ಡಬ್ಬ 2 ಅಡಿ ಎತ್ತರ ಮೀರಬಾರದು. ಚೆನ್ನಾಗಿ ಮಡಚಿದ್ರೆ ಆಗತ್ತೆ ಅಂತಾರೆ, ನಿಜಾನಾ?

ಉತ್ತರ: ನಿಜವಾದ ಹಾರ್ನ್ ಆಗಿ ಆಗಲ್ಲ. ಯಾಕೆ ಅಂತ ಲೆಕ್ಕ ಹಾಕೇ ನೋಡೋಣ, ಇದು ಗೊತ್ತಾದ್ರೆ ಮುಂದೆ ಯಾವ ಪ್ಲಾನ್ ನೋಡಿದ್ರೂ ನಿಮಗೇ ತೂಗಿ ನೋಡೋಕೆ ಬರತ್ತೆ. 50 ಹರ್ಟ್ಸ್ ತರಂಗದ ಉದ್ದ ಸುಮಾರು 6.9 ಮೀಟರ್. ಹಾರ್ನ್ ಬಯಲಲ್ಲಿದ್ರೆ ಬಾಯಿಯ ಸುತ್ತಳತೆ ಅಷ್ಟೇ ಇರಬೇಕು ಅನ್ನೋದು ಶಾಸ್ತ್ರದ ಲೆಕ್ಕ, ಅಂದ್ರೆ 2.2 ಮೀಟರ್ ಅಡ್ಡಳತೆಯ ಬಾಯಿ, 3.8 ಚದರ ಮೀಟರ್. ಮನೇಲಿ ಇಡೋಕೆ ಸಾಧ್ಯನೇ ಇಲ್ಲ. ಆದ್ರೆ ಅದೇ ಬಾಯಿನ ರೂಮಿನ ಮೂಲೇಲಿ ನೆಲಕ್ಕೆ ತಾಗಿಸಿ ಇಟ್ರೆ, ನೆಲ ಮತ್ತೆ ಎರಡು ಗೋಡೆ ಸೇರಿ ಎಂಟನೇ ಒಂದು ಭಾಗ ಸಾಕಾಗತ್ತೆ, ಸುಮಾರು 0.47 ಚದರ ಮೀಟರ್. 1940ರ ದಶಕದಲ್ಲಿ ಅಮೆರಿಕದ ಪಾಲ್ ಕ್ಲಿಪ್ಷ್ ತನ್ನ ಕ್ಲಿಪ್ಷಾರ್ನ್‌ನ ಮೂಲೆಗೇ ಅಂತ ಮಾಡಿದ್ದೂ ಇದಕ್ಕೇ, ಅಲ್ಲಿ ಗೋಡೆಗಳೇ ಬಾಸ್ ಹಾರ್ನ್‌ನ ಕೊನೇ ಭಾಗ.

ಇನ್ನು ಉದ್ದ. ಎಕ್ಸ್‌ಪೊನೆನ್ಷಿಯಲ್ ಹಾರ್ನ್ 50 ಹರ್ಟ್ಸ್‌ಗೆ ಬೇಕು ಅಂದ್ರೆ ದಾರಿಯ ವಿಸ್ತೀರ್ಣ ಪ್ರತಿ 38 ಸೆಂ.ಮೀ.ಗೆ ಒಂದ್ಸಲ ಡಬಲ್ ಆಗ್ಬೇಕು, ಅದಕ್ಕಿಂತ ಬೇಗ ಅಗಲ ಮಾಡಿದ್ರೆ ಕಟಾಫ್, ಅಂದ್ರೆ ಹಾರ್ನ್‌ನ ಹಿಡಿತ ತಪ್ಪೋ ಫ್ರೀಕ್ವೆನ್ಸಿ, ಮೇಲಕ್ಕೆ ಹೋಗ್ಬಿಡತ್ತೆ. 50 ಚದರ ಸೆಂ.ಮೀ. ಗಂಟಲಿಂದ ಶುರು ಮಾಡಿ 4700ಕ್ಕೆ, ಅಂದ್ರೆ ಮೇಲೆ ಹೇಳಿದ 0.47 ಚದರ ಮೀಟರ್ ಬಾಯಿಗೆ, ಮುಟ್ಟೋ ಹೊತ್ತಿಗೆ 2.5 ಮೀಟರ್ ದಾರಿ ಆಗಿರತ್ತೆ, ಒಳಗಿನ ಗಾಳಿನೇ 250 ಲೀಟರ್. ಮಡಚಿದ್ರೆ ಆಕಾರ ಬದಲಾಗತ್ತೆ, ಆ 250 ಲೀಟರ್ ಎಲ್ಲೂ ಹೋಗಲ್ಲ. ಅದೇ ಲೆಕ್ಕ 80 ಹರ್ಟ್ಸ್‌ಗೆ ಹಾಕಿ ನೋಡಿ, 1.2 ಮೀಟರ್ ದಾರಿ, 60 ಲೀಟರ್ ಚಿಲ್ಲರೆ, ಅಷ್ಟೇ. ಬರೀ 30 ಹರ್ಟ್ಸ್ ಬಿಟ್ಟುಕೊಟ್ಟಿದ್ದಕ್ಕೆ ಡಬ್ಬ ಕಾಲು ಭಾಗಕ್ಕೆ ಇಳೀತು!

ಹಾಗಾದ್ರೆ ಎಲ್ಲರೂ ಕಟ್ಟೋ ಆ ಸಣ್ಣ ಸಣ್ಣ ಬ್ಯಾಕ್ ಲೋಡೆಡ್ ಡಬ್ಬಗಳು ಕೆಲಸ ಮಾಡೋದು ಹೇಗೆ ಅಂತ ಕೇಳ್ತೀರಿ. ಅವು ಮೇಲಿನ ಬಾಸ್‌ನಲ್ಲಿ ಹಾರ್ನ್ ಥರ, ಕೆಳಗಿನ ಬಾಸ್‌ನಲ್ಲಿ ಕ್ವಾರ್ಟರ್ ವೇವ್ ಪೈಪ್ (ತನ್ನ ನಾಲ್ಕರಷ್ಟು ಉದ್ದದ ತರಂಗಕ್ಕೆ ದನಿಗೂಡಿಸೋ ಕೊಳವೆ) ಥರ ನಡ್ಕೊಳ್ತವೆ, ಹಾಗಾಗಿ ಬಾಸ್ ಕೆಳಗೆ ಹೋಗತ್ತೆ ಆದ್ರೆ ಏರಿಳಿತ ಇರತ್ತೆ. ಅದನ್ನ ಒಪ್ಪಿಕೊಂಡು ಕಟ್ಟಿದ್ರೆ ಖುಷಿ ಪಡ್ತೀರಿ. ಒಂದು ಎಚ್ಚರಿಕೆ ಮಾತ್ರ, ಹಾರ್ನ್‌ನ ಹಿಡಿತ ತಪ್ಪೋ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನ್‌ಗೆ ತಡೆಯೇ ಇರಲ್ಲ, ಜೋರು ಬಾಸ್ ಹಾಡು ಬಂದ್ರೆ ಕೋನ್ ವಿಪರೀತ ಹಿಂದೆ ಮುಂದೆ ಓಡತ್ತೆ, ಸಿಗ್ನಲ್ ಆಂಪ್ಲಿಫೈಯರ್ ಒಳಗೆ ಹೋಗೋ ಮೊದಲೇ ತೀರಾ ಕೆಳಗಿನ ಬಾಸ್ ತಡೆಯೋ ಒಂದು ಹೈ ಪಾಸ್ ಫಿಲ್ಟರ್ ಇದ್ರೆ ಡ್ರೈವರ್ ಉಳಿಯತ್ತೆ.

ಪ್ರಶ್ನೆ: ಕಟ್ಟಿ ಮುಗಿಸಿದೀನಿ, ಹಾರ್ನ್ 2 ಮೀಟರ್ ಉದ್ದ, ಗಂಟಲು 60 ಚದರ ಸೆಂ.ಮೀ., ಚೇಂಬರ್ ಒಂದೂವರೆ ಲೀಟರ್. ವಾದ್ಯ ಎಲ್ಲಾ ಸೂಪರ್, ಗಂಡಸರ ಧ್ವನಿ ಮಾತ್ರ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿದೆ. ಡ್ರೈವರ್ ಬದಲಾಯಿಸಲಾ?

ಉತ್ತರ: ಡ್ರೈವರ್ ಮುಟ್ಬೇಡಿ, ತೊಂದರೆ ಚೇಂಬರ್ ಹತ್ರ ಇದೆ ಅನ್ಸತ್ತೆ. ಚೇಂಬರ್ ಮತ್ತೆ ಗಂಟಲು ಸೇರಿ ಒಂದು ಲೋ ಪಾಸ್ ಫಿಲ್ಟರ್ ಆಗತ್ತೆ, ಬಾಸ್ ಮಾತ್ರ ಹಾರ್ನ್‌ಗೆ ಬಿಟ್ಟು ಮೇಲಿನದನ್ನ ತಡೆಯೋದು ಅದರ ಕೆಲಸ. ನಿಮ್ಮ ಅಳತೆಗೆ ಆ ತಡೆ ಶುರು ಆಗೋದೇ ಸುಮಾರು 220 ಹರ್ಟ್ಸ್‌ನಿಂದ, ಅಂದ್ರೆ ಗಂಡಸರ ಧ್ವನಿಯ ಬುಡ ಪೂರ್ತಿ ಹಾರ್ನ್ ಒಳಗೆ ಹೋಗಿ ಬಾಯಿಂದ ಬರ್ತಿದೆ. ಅದೂ 6 ಮಿಲಿಸೆಕೆಂಡ್ ತಡವಾಗಿ, ಯಾಕಂದ್ರೆ 2 ಮೀಟರ್ ಸುತ್ತಿ ಬರ್ಬೇಕಲ್ಲ. ಕೋನ್‌ನ ಹಿಂದಿನ ಸೌಂಡ್ ಮೊದಲೇ ಉಲ್ಟಾ ಫೇಸ್ (ಮುಂದಿನದು ಗಾಳಿ ತಳ್ಳುವಾಗ ಹಿಂದಿನದು ಎಳೀತಿರತ್ತೆ), ದಾರಿಯ ಉದ್ದ ಒಂದು ಪೂರ್ತಿ ತರಂಗಕ್ಕೆ ಸಮ ಆಗೋ ಕಡೆ, ನಿಮ್ಮಲ್ಲಿ 170 ಹರ್ಟ್ಸ್ ಆಸುಪಾಸು, ಅದು ಮುಂದಿನ ಸೌಂಡ್‌ನ ತಿಂದುಹಾಕತ್ತೆ, ಅದರ ಅಕ್ಕಪಕ್ಕ ಉಬ್ಬು. ಕೊಡದ ಧ್ವನಿ ಅಂತ ಕೇಳ್ತಿರೋದು ಇದನ್ನೇ.

ಚೇಂಬರ್ 3 ಲೀಟರ್ ಆದ್ರೆ ಆ ತಡೆ 110 ಹರ್ಟ್ಸ್‌ಗೆ ಇಳಿಯತ್ತೆ, ಆದ್ರೆ ಕಟ್ಟಿ ಆಗಿದೆ ಅಂದ್ರೆ ಅದು ಕಷ್ಟ. ಡ್ರೈವರ್ ಬಿಚ್ಚಿ, ಚೇಂಬರ್‌ನ ಹಿಂದಿನ ಗೋಡೆಗೂ ಒಂದು ಪಕ್ಕಕ್ಕೂ ದಪ್ಪ ಫೆಲ್ಟ್ ಅಂಟಿಸಿ, ಕೇಳಿ. ಸಾಲದಿದ್ರೆ ಗಂಟಲು ದಾಟಿದ ಮೇಲಿನ ಮೊದಲ ತಿರುವಿನಲ್ಲಿ ಸ್ವಲ್ಪ ಉಣ್ಣೆ, ಮತ್ತೆ ಕೇಳಿ. ಸ್ವಲ್ಪ ಸ್ವಲ್ಪವೇ ಹಾಕಿ, ಇಡೀ ಹಾರ್ನ್ ತುಂಬಿಸಿದ್ರೆ ಬಾಸೂ ಸತ್ತುಹೋಗತ್ತೆ. ಡ್ರೈವರ್ ಬಿಚ್ಚಿರುವಾಗಲೇ ಆ ತೂತಿನ ಹಿಂಬದಿ ಅಂಚು ಬೆರಳಿಂದ ಮುಟ್ಟಿ ನೋಡಿ. 18 ಮಿ.ಮೀ. ಹಲಗೇಲಿ ನೇರವಾಗಿ ಕೊರೆದಿದ್ರೆ ಸಣ್ಣ ಡ್ರೈವರ್‌ನ ಬೆನ್ನಿಗೆ ಅದು ಸುರಂಗ ಆಗಿಬಿಡತ್ತೆ, ಬ್ಯಾಸ್ಕೆಟ್, ಅಂದ್ರೆ ಡ್ರೈವರ್ ಚೌಕಟ್ಟಿನ ಕಿಂಡಿಗಳ ಎದುರಿಗೇ ಮರ ಬಂದಿರತ್ತೆ. ಸ್ಕ್ರೂ ಕೂರೋ ಜಾಗ ಬಿಟ್ಟು ಉಳಿದ ಕಡೆ ಒಳಗಿಂದ 45 ಡಿಗ್ರಿ ಓರೆಯಾಗಿ ಉಜ್ಜಿ ತೆಗೀರಿ. ಧ್ವನಿ ಎಷ್ಟು ಬಿಡಿಸಿಕೊಳ್ಳತ್ತೆ ಅಂತ ಅದೇ ದಿನ ಗೊತ್ತಾಗತ್ತೆ.

ಪ್ರಶ್ನೆ: ಪ್ಲೈವುಡ್ಡೋ ಎಂಡಿಎಫ್ಫೋ?

ಉತ್ತರ: ಹಾರ್ನ್‌ಗೆ ನನ್ನ ಓಟು ಪ್ಲೈವುಡ್‌ಗೆ. ಒಳಗೆ ಪಾರ್ಟಿಷನ್ ಜಾಸ್ತಿ, ಅಂಚಿಗೆ ಅಂಚು ಸೇರೋ ಜಾಗನೂ ಜಾಸ್ತಿ, ಪ್ಲೈವುಡ್ ಅಂಚಲ್ಲಿ ಸ್ಕ್ರೂ ಚೆನ್ನಾಗಿ ಹಿಡಿಯತ್ತೆ, ತೂಕನೂ ಕಮ್ಮಿ. ಪದರಗಳ ಮಧ್ಯೆ ಟೊಳ್ಳು ಇಲ್ಲದ್ದು ನೋಡಿ ತಗೊಳ್ಳಿ. ಎಂಡಿಎಫ್ ಕುಯ್ಯೋದಾದ್ರೆ ಒಳ್ಳೇ ಮಾಸ್ಕ್ ಹಾಕ್ಲೇಬೇಕು, ಆ ನುಣುಪು ಧೂಳಲ್ಲಿ ರಾಳ ಇರತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ರಶ್ನೆ: 8 ವ್ಯಾಟ್ ಟ್ಯೂಬ್ ಆಂಪ್ ಇದೆ, ಸಾಕಾಗತ್ತಾ?

ಉತ್ತರ: ಡ್ರೈವರ್ ಸೆನ್ಸಿಟಿವಿಟಿ ನೋಡಿ, ಅಂದ್ರೆ 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಎಷ್ಟು ಡಿಬಿ ಸೌಂಡ್ ಬರತ್ತೆ ಅಂತ. 96 ಡಿಬಿ ಡ್ರೈವರ್‌ಗೆ 8 ವ್ಯಾಟ್ ಕೊಟ್ರೆ ಬರೋ ಸೌಂಡ್‌ಗೆ 86 ಡಿಬಿ ಸ್ಪೀಕರ್ ಆದ್ರೆ 80 ವ್ಯಾಟ್ ಬೇಕು. ನಿಮ್ಮದು ಅಂಥ 96 ಡಿಬಿ ಡ್ರೈವರ್ ಆದ್ರೆ ಧಾರಾಳ ಸಾಕು.

ಪ್ರಶ್ನೆ: ಮೊದಲ ಸಲ ಕಟ್ತಿದೀನಿ, ಮರಗೆಲಸ ಅಷ್ಟಾಗಿ ಬರಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ತುಂಬ ಅಳುಕಿದ್ರೆ ಮೊದಲು ವಾಯ್ಟ್ ಪೈಪ್ ಕಟ್ಟಿ. 1920ರ ದಶಕದಿಂದಲೇ ಹಾರ್ನ್ ಮೇಲೆ ಕೆಲಸ ಮಾಡಿದ ಇಂಗ್ಲೆಂಡಿನ ಪಾಲ್ ವಾಯ್ಟ್ ಹೆಸರಿನದು, ಮೇಲೆ ಕಿರಿದಾಗಿ ಮುಚ್ಚಿದ, ಕೆಳಗೆ ಅಗಲವಾಗಿ ತೆರೆದ ಉದ್ದ ಪೈಪು, ಒಳಗೆ ತಿರುವುಗಳ ಕಾಟ ಇಲ್ಲ. ಹಾರ್ನೇ ಬೇಕು ಅಂದ್ರೆ ಡ್ರೈವರ್ ಮೊದಲು ಆರಿಸಿ, ಅದರ ನಂಬರ್‌ಗಳನ್ನ ಹಾರ್ನ್‌ರೆಸ್ಪ್ ಅನ್ನೋ ಉಚಿತ ಸಾಫ್ಟ್‌ವೇರ್‌ಗೆ ಹಾಕಿ, ಗಂಟಲು ಚೇಂಬರ್ ಉದ್ದ ಒಂದೊಂದೇ ಬದಲಾಯಿಸಿ ಗ್ರಾಫ್ ಹೇಗೆ ಅಲುಗತ್ತೆ ನೋಡಿ. ಒಂದು ಸಂಜೆ ಹಾಗೆ ಕೂತ್ರೆ ಯಾವುದು ಯಾವುದನ್ನ ಎಳೆಯತ್ತೆ ಅಂತ ಕೈಗೆ ಹತ್ತತ್ತೆ.

ಕಟ್ಟೋವಾಗ ಒಂದು ಪಕ್ಕದ ಹಲಗೆ ನೆಲದ ಮೇಲೆ ಮಲಗಿಸಿ, ಹಾರ್ನ್‌ನ ಇಡೀ ದಾರಿ ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೀರಿ, ಪಾರ್ಟಿಷನ್‌ಗಳನ್ನ ಆ ಗೆರೆ ಮೇಲೇ ನಿಲ್ಲಿಸಿ ಅಂಟು ಹಾಕಿ ಕ್ಲಾಂಪ್ ಮಾಡಿ. ಪಾರ್ಟಿಷನ್‌ಗಳೆಲ್ಲ ಒಂದೇ ಅಗಲ ಇರಬೇಕು, ಒಂದು ಮಿ.ಮೀ. ಹೆಚ್ಚುಕಮ್ಮಿ ಆದ್ರೂ ಮೇಲಿನ ಹಲಗೆ ಕೂರಲ್ಲ, ಅದಕ್ಕೆ ಮೆಷಿನ್ ಸೆಟ್ಟಿಂಗ್ ಬದಲಾಯಿಸದೆ ಎಲ್ಲಾ ಒಟ್ಟಿಗೇ ಕಟ್ ಮಾಡಿಸಿ. ಕೊನೇ ಪಕ್ಕಕ್ಕೆ ಅಂಟು ಹಾಕ್ಬೇಡಿ, ತೆಳು ಫೋಮ್ ಗ್ಯಾಸ್ಕೆಟ್ ಇಟ್ಟು ಬರೀ ಸ್ಕ್ರೂ ಬಿಗೀರಿ, ಫೆಲ್ಟ್ ಹೆಚ್ಚುಕಮ್ಮಿ ಮಾಡೋಕೆ ಪದೇ ಪದೇ ತೆಗೀಬೇಕಾಗತ್ತೆ. ಆಮೇಲೆ 60 ಹರ್ಟ್ಸ್ ಟೋನ್ ಹಾಕಿ, ಕೈ ಒದ್ದೆ ಮಾಡ್ಕೊಂಡು ಜಾಯಿಂಟ್ ಉದ್ದಕ್ಕೂ ಹತ್ರ ಹಿಡೀರಿ, ಎಲ್ಲಿ ತಣ್ಣಗೆ ಗಾಳಿ ಬಡಿಯತ್ತೋ ಅಲ್ಲಿ ಸೋರ್ತಿದೆ ಅಂತ ಗುರುತು ಹಾಕಿ. ಸೌಂಡ್ ಪೂರ್ತಿ ಮನಸ್ಸಿಗೆ ಬಂದ ಮೇಲೇ ಆ ಪಕ್ಕ ಅಂಟಿಸಿ.